ಹತ್ತೂವರೆಯ ನೆರಳು

ಮೊದಲ ಕೆಲಸದ ಮೂರನೇ ತಿಂಗಳಲ್ಲಿ
ನಾನೊಂದು ಕೆರೆ ಕಂಡುಹಿಡಿದೆ.
ಬಾಬಾಬುಡನ್ ಸಾಲಿನ ಪಡುವಣ ಮಗ್ಗುಲಲ್ಲಿ,
ಕಡುಕಪ್ಪು, ಕಿರುಬೆರಳ ಉಗುರಿನಷ್ಟು,
ಯಾವ ಹಳೆಯ ನಕ್ಷೆಯಲ್ಲೂ ಇಲ್ಲದ್ದು.

ಹಾಸನದ ನಮ್ಮ ಕಚೇರಿ ಆಗ
ಸಾಲಗಾಮೆ ರಸ್ತೆಯ ಒಂದು ಬಾಡಿಗೆ ಮನೆ.
ಅಡುಗೆಕಟ್ಟೆಯ ಮೇಲೆ ದೀಪದ ಮೇಜು,
ಮೇಜಿನ ಮೇಲೆ ಆಕಾಶದಿಂದ ಬಂದ ಫಿಲ್ಮು,
ಫಿಲ್ಮಿನ ಮೇಲೆ ಟ್ರೇಸಿಂಗ್ ಹಾಳೆ, ಅದರ ಮೇಲೆ ನಾನು,
ಕೆತ್ತಿ ಕೆತ್ತಿ ಮೋಟಾದ ನೀಲಿ ಪೆನ್ಸಿಲ್ಲು.

ಅಲ್ಲಿ ಪೈರೆಲ್ಲ ಕೆಂಪು.
ಕಣ್ಣಿಗೆ ಕಾಣದ ಬೆಳಕನ್ನು ಕಾಣಿಸಲು
ಕೆಂಪನ್ನು ಕಡ ಕೊಟ್ಟಿರುತ್ತಾರೆ.
ಒಮ್ಮೆ ಬುತ್ತಿ ತಂದ ಅವ್ವ ಇಣುಕಿ ನೋಡಿ
"ಯಾರ ಹೊಲಕ್ಕೆ ಬೆಂಕಿ ಬಿತ್ತೇ?" ಅಂದಳು.
ಬೆಂಕಿಯಲ್ಲವ್ವ, ಆಲೂಗೆಡ್ಡೆ, ಅಂದೆ.
ಆಮೇಲೆ ಅವಳು ಕೇಳಿದ್ದು ಸಂಬಳ ಎಷ್ಟು ಅಂತ.

ಪದ್ಮರಾಜಯ್ಯನವರು ಭೂತಗನ್ನಡಿ ಹಿಡಿದು ನೋಡಿದರು.
ಕೆರೆ ಅನ್ನಲಿಲ್ಲ. ಅಲ್ಲ ಅನ್ನಲಿಲ್ಲ.
"ಹೋಗಿ ಮುಟ್ಟಿ ಬಾ."
ಒಂದು ಜೀಪು, ಎರಡು ದಿನದ ಭತ್ಯೆ, ಡ್ರೈವರ್ ಮೊಹಿದ್ದೀನ್.

ಜನವರಿ. ಕೊನೆಯ ನಾಲ್ಕು ಮೈಲಿ ನಡಿಗೆ.
ತಲುಪಿದಾಗ ಸುಮಾರು ಹತ್ತೂವರೆ,
ಉಪಗ್ರಹ ನಮ್ಮ ಮೇಲೆ ಹಾಯುವ ಹೊತ್ತು.
ಕೆರೆ ಇತ್ತು.
ಅಂದರೆ, ಗುಡ್ಡ ತನ್ನ ನೆರಳನ್ನು
ಕಮರಿಗೆ ಸುರಿದು ನಿಂತಿತ್ತು.
ಮೊಹಿದ್ದೀನ್ ಚಪ್ಪಲಿ ಕಳಚಿಟ್ಟು
ದಡದಿಂದ ಒಂದು ಕಾಲು ಒಳಗಿಟ್ಟ:
"ತಣ್ಣಗಂತೂ ಇದೆ, ಮೇಡಂ."
ಹನ್ನೆರಡೂವರೆಗೆ ಕೆರೆ ಬತ್ತಿತು.

ವರದಿಯಲ್ಲಿ ಬರೆದೆ: ನೀರಲ್ಲ, ನೆರಳು.
ಪದ್ಮರಾಜಯ್ಯನವರು ಓದಿ, ಮಡಿಸಿ,
ಡೀಸೆಲ್ ಲೆಕ್ಕ ಕೇಳಿದರು.

ಮೂರು ವರ್ಷ ಬಾಳಲಿ ಎಂದು ಹಾರಿಸಿದ್ದರು ಅದನ್ನು.
ನನ್ನ ಗುತ್ತಿಗೆಯೂ ಮೂರೇ ವರ್ಷ.
ಅದು ಎಂಟು ವರ್ಷ ಬಾಳಿತು. ನಾನೂ,
ಮಾರ್ಚಿಗೊಂದು ಸಹಿಯಂತೆ.
ಅದರ ಇಂಧನ ತೀರಿತೆಂಬ ಸುದ್ದಿ ಬಂದ ದಿನ
ಊಟದ ಡಬ್ಬಿ ಬಿಚ್ಚದೆ ಕೂತಿದ್ದೆ.
ಅದಕ್ಕಾಗಿಯೋ, ನನಗಾಗಿಯೋ,
ಇಂದಿಗೂ ವಿಂಗಡಿಸಲಾಗಿಲ್ಲ.
ವಿಂಗಡಿಸುವುದೇ ನನ್ನ ಕಸುಬು.

ಮತ್ತೊಂದು ಹಾರಿತು, ಮತ್ತೊಂದು ಸಹಿ.
ಎಪ್ಪತ್ತೆರಡು ಮೀಟರಿನ ಚೌಕ ಇಪ್ಪತ್ತಮೂರಾಯಿತು, ಐದಾಯಿತು;
ಲೋಕ ಸಣ್ಣಸಣ್ಣ ಚೌಕವಾಗುತ್ತ ಬಂತು,
ನನ್ನ ಕನ್ನಡಕ ದಪ್ಪವಾಗುತ್ತ.
ದುದ್ದದ ಹೊಲಗಳಿಗೆ ಅಂಗಮಾರಿ ತಗಲಿದರೆ
ಬೆಳೆದವರ ಮೂಗಿಗೆ ಮೊದಲು ಗೊತ್ತು;
ನನಗೆ ಐದು ದಿನ ತಡ,
ಕೆಂಪು ಒಂದೆಳೆ ಮಂಕಾದ ಮೇಲೆ.
ಆ ಐದು ದಿನಕ್ಕೆ ಇಪ್ಪತ್ತು ವರ್ಷ ತೇದೆ.
ಮೂರಕ್ಕೆ ಇಳಿಸಿದೆ.
ಮೂಗು ಇನ್ನೂ ಮುಂದಿದೆ.

ಈಗ ನಿಶ್ಚಿತಾ ಬಂದಿದ್ದಾಳೆ. ಗುತ್ತಿಗೆ ಹನ್ನೊಂದು ತಿಂಗಳು.
ನಾನು ಮಳೆಗಾಲವಿಡೀ ಗೀಚುತ್ತಿದ್ದ ಜಿಲ್ಲೆಗೆ
ಅವಳ ಯಂತ್ರ ಕಾಫಿ ಆರುವ ಮೊದಲೇ ಬಣ್ಣ ಹಚ್ಚಿಡುತ್ತದೆ.
ಬಣ್ಣ ಬಹುಪಾಲು ಸರಿ. ನನ್ನದಕ್ಕಿಂತ ಸರಿ.

ಮೊನ್ನೆ ಕರೆದಳು: "ಮೇಡಂ, ಸೀಗೆಗುಡ್ಡದ ಹಿಂದೊಂದು ಕೆರೆ.
ಪಟ್ಟಿಯಲ್ಲಿಲ್ಲ. ನೂರಕ್ಕೆ ತೊಂಬತ್ತೊಂದು ಖಾತ್ರಿ."
ಗುಡ್ಡ. ಬೆಳಗಿನ ಬಿಂಬ. ಕಡುಕಪ್ಪು.
ಮೂವತ್ತನಾಲ್ಕು ವರ್ಷ ನನ್ನೊಳಗೆ ನಕ್ಕಿತು.
ನೆರಳು ಕಣೇ, ಎನ್ನಲು ಬಾಯಿ ತೆರೆದೆ.
ಮುಚ್ಚಿದೆ.
"ಹೋಗಿ ಮುಟ್ಟಿ ಬಾ."

ಸಂಜೆ ಬಂದಳು. ಮೊಣಕಾಲವರೆಗೆ ಕೆಸರು.
"ಹಳೇ ಕಲ್ಲುಕ್ವಾರಿ, ಮೇಡಂ. ಬಿಟ್ಟು ಹೋಗಿದ್ದಾರೆ, ತುಂಬಿದೆ.
ಎಮ್ಮೆಗಳು ಈಜ್ತಿದ್ವು.
ಆಳ ಯಾರಿಗೂ ಗೊತ್ತಿಲ್ಲವಂತೆ."

ನಾನು ಅವಳ ಶೂ ನೋಡಿದೆ.
ಒದ್ದೆ ಹೆಜ್ಜೆ ಬಾಗಿಲಿಂದ ನನ್ನ ಮೇಜಿನವರೆಗೆ,
ಒಂದೊಂದೂ ಒಂದೊಂದು ಆಕಾರ.
ಡೀಸೆಲ್ ಲೆಕ್ಕ ಬರೆದಿಟ್ಟೆಯಾ, ಅಂದೆ.

"ಸ್ಕೂಟಿ, ಮೇಡಂ. ಪೆಟ್ರೋಲು. ನಂದೇ ಹಾಕ್ಕೊಂಡೆ."